ಕಣ್ಣೀರು, ನಗು, ಮುಚ್ಚಿದ ಬಾಗಿಲು

ಕನ್ನಡದಲ್ಲಿ 'ಅನುಭಾವ' ಎಂಬ ಒಂದೇ ಮಾತಿಗೆ ಎರಡು ಅರ್ಥಗಳುಂಟು. ಶರಣರ ಬಳಕೆಯಲ್ಲಿ ಅದು ಅನುಭವದ ತುದಿ. ನಾನು, ನೀನು ಎಂಬ ಭೇದ ಅಳಿದಮೇಲೆ ಉಳಿಯುವ ಅರಿವು. ಅಲಂಕಾರಶಾಸ್ತ್ರದಲ್ಲಿ ಅದು ತೀರ ಬೇರೆ ಸಂಗತಿ: ಒಳಗಿನ ಭಾವ ಮೈಮೇಲೆ ಕಾಣಿಸಿಕೊಳ್ಳುವ ಬಗೆ. ಹುಬ್ಬು ಗಂಟಿಕ್ಕುವುದು, ಕಣ್ಣಲ್ಲಿ ನೀರಾಡುವುದು, ದನಿ ನಡುಗುವುದು ಇವೆಲ್ಲ ಅಲ್ಲಿ ಅನುಭಾವಗಳೇ. ಇವುಗಳ ಜೊತೆಗೇ ಭರತನು ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ಕಂಪ, ವೈವರ್ಣ್ಯ, ಅಶ್ರು, ಪ್ರಳಯ ಎಂದು ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸಿಟ್ಟ. ಝೆನ್ ಧ್ಯಾನದಲ್ಲಿ ತಮಗೆ ಆದುದನ್ನು ಹೇಳಿಕೊಂಡವರ ಬರಹಗಳನ್ನು ಓದುವಾಗ ಈ ಪಟ್ಟಿ ನೆನಪಾಗದೆ ಇರದು. ಮರಗಟ್ಟಿ ಕುಳಿತವರು, ಬೆವತವರು, ನಡುಗಿದವರು, ಬಿಕ್ಕಿ ಅತ್ತವರು, ಎಚ್ಚರದಪ್ಪಿ ಬಿದ್ದವರು ಎಲ್ಲರೂ ಅಲ್ಲಿದ್ದಾರೆ. ಭರತನ ಪಟ್ಟಿಯಲ್ಲಿಲ್ಲದ ಒಂದು ಮಾತ್ರ ಹೆಚ್ಚಿಗೆ ಉಂಟು: ತಡೆಯಲಾರದ ನಗು. ಓದುಗನ ಮುಂದೆ ಏಳುವ ಪ್ರಶ್ನೆ ಇಷ್ಟೆ. ಇದು ಯಾವ ಅನುಭಾವ? ಅಲ್ಲಮನು ಹೇಳುವ ಅರ್ಥದ್ದೋ, ಭರತನು ಹೇಳುವ ಅರ್ಥದ್ದೋ?

ಇದಕ್ಕೆ ಧರ್ಮದ ಕಡೆಯಿಂದ ಉತ್ತರ ಹೇಳುವ ಅಧಿಕಾರ ಸಾಹಿತ್ಯದ ಓದುಗನಿಗಿಲ್ಲ. ಆದರೆ ಅನುಭವ ಒಮ್ಮೆ ಮಾತಾಗಿ, ಅಚ್ಚಾಗಿ ನಮ್ಮ ಕೈಗೆ ಬಂದಮೇಲೆ ಅದನ್ನು ಬರಹವೆಂದು ತೂಗಿನೋಡುವ ಹಕ್ಕು ನಮ್ಮದು. ಅದೂ ಈಗ, ಧ್ಯಾನದ ಶಿಬಿರಗಳು ಊರೂರಲ್ಲಿ ನಡೆಯುತ್ತ, ಕೆಲವು ದಿನ ಕುಳಿತು ಬಂದವರು ತಮಗೆ 'ಏನೋ ಆಯಿತು' ಎಂದು ಹೇಳಿಕೊಳ್ಳುವುದು ಸಾಮಾನ್ಯವಾಗಿರುವಾಗ, ಇಂಥ ಬರಹದಲ್ಲಿ ಕಾಳು ಯಾವುದು, ಜೊಳ್ಳು ಯಾವುದು ಎಂದು ಕೇಳುವುದು ಬರಿಯ ಪಾಂಡಿತ್ಯದ ವ್ಯವಹಾರವಲ್ಲ. ನಾನು ಇಲ್ಲಿ ಮುಖ್ಯವಾಗಿ ಮೂವರನ್ನು ತೆಗೆದುಕೊಳ್ಳುತ್ತೇನೆ: ಅಮೆರಿಕದ ಫಿಲಿಪ್ ಕ್ಯಾಪ್ಲೊ, ಹದಿನೆಂಟನೆಯ ಶತಮಾನದ ಜಪಾನೀ ಗುರು ಹಕುಯಿನ್, ಕಾದಂಬರಿಕಾರ ನಾತ್ಸುಮೆ ಸೋಸೆಕಿ. ಒಬ್ಬ ಸಾಧಕ, ಒಬ್ಬ ಸಿದ್ಧ, ಮೂರನೆಯವನು ಸೋತು ಹಿಂದಿರುಗಿದವನು. ಬರಹದ ಮಟ್ಟಿಗೆ ಸೋತವನದೇ ಮೇಲುಗೈ ಎಂದು ನನಗೆ ತೋರುತ್ತದೆ.

ಮೊದಲು ಹಿನ್ನೆಲೆಗೆ ಎರಡು ಮಾತು. ನಮ್ಮ 'ಧ್ಯಾನ'ವೇ ಚೀನದಲ್ಲಿ 'ಚಾನ್' ಆಗಿ, ಜಪಾನಿನಲ್ಲಿ 'ಝೆನ್' ಆಯಿತೆಂಬುದು ಬಹು ಜನ ಬಲ್ಲ ಸಂಗತಿ. ಜಪಾನಿನ ಸೋತೊ ಪಂಥದ ಮೂಲಪುರುಷ ದೋಗೆನ್ (1200-1253) ಕುಳಿತುಕೊಳ್ಳುವುದೇ ಬೋಧಿ, ಅದರಾಚೆ ಕಾದು ಪಡೆಯಬೇಕಾದ ಫಲ ಬೇರೊಂದಿಲ್ಲ ಎಂದು ಬೋಧಿಸಿದ. ಅಷ್ಟೊಂದು ಬರೆದ ಆ ಮಹಾನುಭಾವ ತನ್ನ ಸ್ವಂತ ಅನುಭವದ ವಿಷಯದಲ್ಲಿ ಬಹುಮಟ್ಟಿಗೆ ಮೌನಿ. ರಿನ್ಝಾಯಿ ಪಂಥದ ದಾರಿ ಬೇರೆ. ಅಲ್ಲಿ ಗುರು ಶಿಷ್ಯನಿಗೆ 'ಕೋಆನ್' ಎಂಬ, ಬುದ್ಧಿಗೆ ಬಿಡಿಸಲು ಬಾರದ ಒಗಟೊಂದನ್ನು ಕೊಡುತ್ತಾನೆ. ನಾಯಿಗೆ ಬುದ್ಧಸ್ವಭಾವ ಉಂಟೆ ಎಂದು ಕೇಳಿದ್ದಕ್ಕೆ ಚೀನದ ಹಿಂದಿನ ಗುರುವೊಬ್ಬನು 'ಇಲ್ಲ' ಎಂಬರ್ಥದ 'ಮು' ಎಂದನಂತೆ. ಆ 'ಮು' ಎಂದರೇನು? ಇಂಥದೊಂದನ್ನು ಒಳಗಿಟ್ಟುಕೊಂಡು ಶಿಷ್ಯ ಹಗಲಿರುಳು ಕೂರಬೇಕು. ಆಗಾಗ ಒಬ್ಬನೇ ಗುರುವಿನ ಕೋಣೆಗೆ ಹೋಗಿ ಉತ್ತರ ಒಪ್ಪಿಸಬೇಕು. ಏಳೇಳು ದಿನದ ಕಟ್ಟುನಿಟ್ಟಿನ ಶಿಬಿರಗಳಲ್ಲಿ, ಅದರಲ್ಲೂ ಬುದ್ಧನ ಬೋಧಿಯ ನೆನಪಿಗೆಂದು ಡಿಸೆಂಬರಿನ ಮೊದಲ ವಾರ ನಡೆಯುವ ಶಿಬಿರದಲ್ಲಿ, ನಿದ್ದೆಗೆ ಹೊತ್ತೇ ಸಾಲದು. ತೂಕಡಿಸಿದರೆ ಹೆಗಲಿಗೆ ಚಪ್ಪಟೆ ಕೋಲಿನ ಏಟು.

ಇಂಥ ಒತ್ತಡದಲ್ಲಿ ಮೈಮನಸ್ಸುಗಳು ಸುಮ್ಮನಿರುತ್ತವೆಯೆ? ಎದುರಿನ ಗೋಡೆಯ ಮೇಲೆ ಮುಖಗಳು ಮೂಡುತ್ತವೆ, ಇಲ್ಲದ ಸದ್ದು ಕೇಳಿಸುತ್ತದೆ, ಕಾರಣವಿಲ್ಲದೆ ಅಳು ಒತ್ತರಿಸಿ ಬರುತ್ತದೆ, ಬುದ್ಧನೇ ಎದುರು ನಿಂತಂತೆ ಆಗುತ್ತದೆ. ಇವೆಲ್ಲಕ್ಕೂ ಝೆನ್ ಪರಂಪರೆ ಇಟ್ಟ ಹೆಸರು 'ಮಾಕ್ಯೊ', ಎಂದರೆ ಮಾರನ ಸೀಮೆ. ಬುದ್ಧನನ್ನು ಬೋಧಿವೃಕ್ಷದ ಕೆಳಗೆ ಕಾಡಿದ ಅದೇ ಮಾರ. ಶೂರಂಗಮ ಸೂತ್ರ ಇಂಥ ಅವಸ್ಥೆಗಳನ್ನು ಐವತ್ತು ಬಗೆಯಾಗಿ ವಿಂಗಡಿಸಿ, ಇವನ್ನು ಸಿದ್ಧಿಯೆಂದು ನಂಬಿದವನು ಕೆಟ್ಟ ಎಂದು ಎಚ್ಚರಿಸುತ್ತದೆ. ದರ್ಶನ ಎಷ್ಟೇ ಸುಂದರವಾಗಿರಲಿ, ಗುರು ಹೇಳುವುದು ಒಂದೇ ಮಾತು: ಇರಲಿ, ಹೋಗಿ ಕೂತುಕೊ. ಭಾವಾವೇಶವನ್ನು ಇಷ್ಟು ನಿರ್ದಾಕ್ಷಿಣ್ಯವಾಗಿ ಕಂಡ ಪರಂಪರೆಯಿಂದಲೇ ಭಾವಾವೇಶದ ಇಷ್ಟೊಂದು ಸಾಹಿತ್ಯ ಹುಟ್ಟಿದ್ದು ಒಂದು ಸೋಜಿಗ.

ಈ ಸಾಹಿತ್ಯದ ದೊಡ್ಡ ಭಂಡಾರವೆಂದರೆ ಕ್ಯಾಪ್ಲೊ ಸಂಪಾದಿಸಿದ 'ದಿ ಥ್ರೀ ಪಿಲ್ಲರ್ಸ್ ಆಫ್ ಝೆನ್'. ಎರಡನೆಯ ಮಹಾಯುದ್ಧದ ತರುವಾಯ ನ್ಯೂರೆಂಬರ್ಗಿನಲ್ಲೂ ಟೋಕಿಯೋದಲ್ಲೂ ನಡೆದ ಯುದ್ಧಾಪರಾಧಗಳ ವಿಚಾರಣೆಯಲ್ಲಿ ಈತ ನ್ಯಾಯಾಲಯದ ವರದಿಗಾರನಾಗಿ ಕೆಲಸ ಮಾಡಿದ. 1953ರಲ್ಲಿ ಮತ್ತೆ ಜಪಾನಿಗೆ ಹೋಗಿ, ವರ್ಷಗಟ್ಟಲೆ ಅಲ್ಲಿಯ ಗುರುಗಳ ಬಳಿ ಕುಳಿತ. 1965ರಲ್ಲಿ ಪುಸ್ತಕ ಹೊರಬಂತು. ಅಲ್ಲಿಯವರೆಗೆ ಪಶ್ಚಿಮದವರಿಗೆ ಝೆನ್ ಎಂದರೆ ಡಿ. ಟಿ. ಸುಝುಕಿಯ ಪ್ರಬಂಧಗಳು, ಕುತೂಹಲದ ಕಥೆಗಳು. ಕಾಲು ಮಡಿಚಿ ಹೇಗೆ ಕೂರಬೇಕೆಂದು ಹೇಳಿದವರು ಕಡಿಮೆ. ಕ್ಯಾಪ್ಲೊ ಗುರುವಿನ ಕೋಣೆಯ ಸಂಭಾಷಣೆಗಳನ್ನೇ ಅಚ್ಚಿಗೆ ಕೊಟ್ಟ. ಜೊತೆಗೆ ಆ ಕಾಲದ ಎಂಟು ಮಂದಿ ಸಾಧಾರಣ ಗೃಹಸ್ಥರು ತಮಗೆ 'ಕೆನ್ಶೊ', ಎಂದರೆ ಸ್ವರೂಪದರ್ಶನ, ಆದ ಬಗೆಯನ್ನು ತಾವೇ ಬರೆದ ವೃತ್ತಾಂತಗಳನ್ನು ಸೇರಿಸಿದ. ಹೆಸರಿನ ಬದಲು ಮೊದಲಕ್ಷರ, ವಯಸ್ಸು, ಕಸುಬು. ಅದರಲ್ಲೊಂದು ಅವನದೇ.

ಮೊದಲ ವೃತ್ತಾಂತ ಪ್ರಸಿದ್ಧವಾದುದು. ನಡುವಯಸ್ಸಿನ ಜಪಾನೀ ಅಧಿಕಾರಿಯೊಬ್ಬ ರೈಲಿನಲ್ಲಿ ಮನೆಗೆ ಮರಳುವಾಗ ಪುಸ್ತಕವೊಂದರಲ್ಲಿ ದೋಗೆನ್ ಎತ್ತಿಕೊಂಡ ಮಾತೊಂದನ್ನು ಓದುತ್ತಾನೆ. ಮನಸ್ಸೆಂದರೆ ಬೆಟ್ಟ, ಹೊಳೆ, ನೆಲಗಳಿಂದ ಬೇರೆಯಲ್ಲವೆಂಬ ತಾತ್ಪರ್ಯದ್ದು. ನಡುರಾತ್ರಿ ಥಟ್ಟನೆ ಎಚ್ಚರವಾಗಿ, ಹಾಸಿಗೆಯನ್ನು ಗುದ್ದುತ್ತ, ಮನೆಮಂದಿ ಗಾಬರಿಯಾಗುವಂತೆ ಗಹಗಹಿಸಿ ನಗುತ್ತಾನೆ. ಈತ ಮುಂದೆ ಯಮಾದ ಕೋಉನ್ ಎಂಬ ಹೆಸರಾಂತ ಗುರುವಾದನೆಂದು ಈಗ ಎಲ್ಲರಿಗೂ ಗೊತ್ತು. ಇದು ನಡೆದುದೆಂಬುದರಲ್ಲಿ ನನಗೆ ಸಂಶಯವಿಲ್ಲ. ರೈಲು, ಹಾಸಿಗೆ, ಬೆಚ್ಚಿದ ಹೆಂಡತಿ ಮಕ್ಕಳು ಇವೆಲ್ಲ ಕಣ್ಣಿಗೆ ಕಟ್ಟುತ್ತವೆ. ಆದರೆ ಎಂಟನ್ನೂ ಸಾಲಾಗಿ ಓದಿದಾಗ ಒಂದು ಬೇಸರ ಹುಟ್ಟುತ್ತದೆ. ಎಲ್ಲರ ಕಥೆಯೂ ಒಂದೇ ದಾರಿಯಲ್ಲಿ ನಡೆಯುತ್ತದೆ: ಅತೃಪ್ತಿ, ಕಾಲುನೋವು, ಹತಾಶೆ, ಕೋಲಿನ ಏಟು, ಸಿಡಿತ, ಕಣ್ಣೀರು, ಕೃತಜ್ಞತೆ. ಕೊನೆಗೆ ಬರುವ ಆನಂದವನ್ನು ಆನಂದವೆಂದು, ಅಪಾರವೆಂದು, ಹೇಳಲಾರದ್ದೆಂದು ಹೇಳುತ್ತಾರೆ. ನಮ್ಮ ಮಮ್ಮಟಾದಿಗಳು ಇದಕ್ಕೆ 'ಸ್ವಶಬ್ದವಾಚ್ಯತ್ವ'ವೆಂದು ಹೆಸರಿಟ್ಟು ರಸದೋಷಗಳಲ್ಲಿ ಸೇರಿಸಿದರು. ಶೃಂಗಾರವೆಂಬ ಶಬ್ದದಿಂದ ಶೃಂಗಾರ ಹುಟ್ಟದು. ಆನಂದವೆಂಬ ಶಬ್ದದಿಂದ ಆನಂದವೂ ಹುಟ್ಟದು. ಆ ಬರಹಗಾರರು ಸಾಹಿತಿಗಳಲ್ಲ, ಅವರನ್ನು ಮಮ್ಮಟನ ಕಟ್ಟೆಗೆ ಎಳೆದು ನಿಲ್ಲಿಸುವುದು ಅನ್ಯಾಯವೆಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೂ ಪುಸ್ತಕ ಹಿಡಿದು ಲಕ್ಷಾಂತರ ಜನ ತಮ್ಮ ಅನುಭವವನ್ನು ಅದರ ಪಕ್ಕದಲ್ಲಿಟ್ಟು ಅಳೆದುಕೊಂಡಿದ್ದಾರಲ್ಲ, ಆ ಜವಾಬ್ದಾರಿ ಬರಹಕ್ಕೆ ಇದ್ದೇ ಇದೆ.

ಅದೇ ಪುಸ್ತಕದ ಮತ್ತೊಂದು ಭಾಗ ಈ ದೋಷದಿಂದ ಪಾರಾಗಿದೆ. ಯಾಏಕೊ ಇವಾಸಾಕಿ ಎಂಬ ಇಪ್ಪತ್ತೈದರ ಹೆಣ್ಣುಮಗಳು 1935ರ ಡಿಸೆಂಬರಿನಲ್ಲಿ ರೋಗಶಯ್ಯೆಯಿಂದ ತನ್ನ ಗುರು ಹರಾದನಿಗೆ ಬರೆದ ಪತ್ರಗಳು ಅವು. ಬರೆದ ಸ್ವಲ್ಪ ಕಾಲದಲ್ಲೇ ಆಕೆ ತೀರಿಕೊಂಡಳು. ಅವಳೂ ಆನಂದವೆಂದೇ ಬರೆಯುತ್ತಾಳೆ, ಕೃತಜ್ಞತೆಯೆಂದೇ ಬರೆಯುತ್ತಾಳೆ. ಆದರೆ ಪಕ್ಕದಲ್ಲಿ ಗುರು ಬರೆದ ಟಿಪ್ಪಣಿಗಳಿವೆ: ಇದು ಎತ್ತನ್ನು ಕಂಡ ಹಂತ, ಇದು ಹಿಡಿದ ಹಂತ ಎಂದು, ಹಳೆಯ ಹತ್ತು ಚಿತ್ರಗಳ ಕ್ರಮದಲ್ಲಿ ಶಿಷ್ಯೆಯ ಸಂಭ್ರಮವನ್ನು ಅಳೆಯುತ್ತ ಹೋಗುತ್ತಾನೆ. ಸಾಯುತ್ತಿರುವ ಹುಡುಗಿಯ ಉಕ್ಕು, ಮುದುಕನ ಲೆಕ್ಕಾಚಾರ. ಎರಡು ದನಿಗಳ ನಡುವೆ ಯಾರೂ ಹೇಳದ ಒಂದು ದುಃಖ ಕೇಳಿಸುತ್ತದೆ. ಧ್ವನಿಯೆಂದರೆ ಇದೇ ಅಲ್ಲವೆ? ಯಾರೂ ಅದನ್ನು ಉದ್ದೇಶಿಸಿರಲಿಲ್ಲ.

ಹಕುಯಿನ್ (1686-1769) ಇವರೆಲ್ಲರಿಗಿಂತ ದೊಡ್ಡ ಕಸುಬುದಾರ. ಫ್ಯೂಜಿ ಬೆಟ್ಟದ ಬುಡದ ಹರಾ ಎಂಬ ಊರಿನವನು. ರಿನ್ಝಾಯಿ ಪಂಥದ ಕೋಆನ್ ಶಿಕ್ಷಣಕ್ಕೆ ಇಂದಿಗೂ ಇರುವ ರೂಪ ಬಹುಮಟ್ಟಿಗೆ ಅವನಿಂದ ಬಂತು. ಮುಪ್ಪಿನಲ್ಲಿ ಆತ ತನ್ನ ಕಥೆಯನ್ನು ಮತ್ತೆ ಮತ್ತೆ ಹೇಳಿಕೊಂಡ. 'ಇತ್ಸುಮಾದೆಗುಸ' ಎಂಬ ಆತ್ಮಕಥನವನ್ನು ನಾರ್ಮನ್ ವ್ಯಾಡೆಲ್ 'ವೈಲ್ಡ್ ಐವಿ' ಎಂದು ಇಂಗ್ಲಿಷಿಗೆ ತಂದಿದ್ದಾರೆ. ಅವನ ಕಥೆ ಶಾಂತಿಯಿಂದಲ್ಲ, ಭಯದಿಂದ ಆರಂಭವಾಗುತ್ತದೆ. ಎಳೆಯನಾಗಿದ್ದಾಗ ಹಳ್ಳಿಯಲ್ಲಿ ನರಕದ ಯಾತನೆಗಳನ್ನು ಬಣ್ಣಿಸಿದ ಉಪನ್ಯಾಸವೊಂದನ್ನು ಕೇಳಿ ನಡುಗಿಹೋದ. ಆಮೇಲೆ ತಾಯಿ ಸ್ನಾನಕ್ಕೆ ನೀರು ಕಾಯಿಸುವಾಗ ಒಲೆಯ ಉರಿ ಭುಗಿಲೆನ್ನುವ ಸದ್ದಿಗೆ ನರಕದ ಬೆಂಕಿಯೇ ಬಂತೆಂದು ಚೀರಿದ. ಸನ್ಯಾಸಿಯಾದದ್ದು ಆ ಬೆಂಕಿಯಿಂದ ತಪ್ಪಿಸಿಕೊಳ್ಳಲು. ಅಧ್ಯಾತ್ಮದ ಮೂಲದಲ್ಲಿ ಒಂದು ಹುಡುಗನ ಹೆದರಿಕೆ ಇದೆಯೆಂದು ಇಷ್ಟು ನಿಸ್ಸಂಕೋಚವಾಗಿ ಹೇಳಿದ ಗುರುಗಳು ಎಷ್ಟು ಮಂದಿ?

1708ರಲ್ಲಿ, ಎಚಿಗೊ ಸೀಮೆಯ ದೇವಾಲಯವೊಂದರಲ್ಲಿ 'ಮು' ಹಿಡಿದು ಕುಳಿತವನು ಹಿಮದ ಹಾಳೆಯೊಳಗೆ ಹೆಪ್ಪುಗಟ್ಟಿದಂತೆ ಆದ. ಹಲವು ದಿನದ ಮೇಲೆ ಗಂಟೆಯ ಸದ್ದು ಕೇಳಿದ್ದೇ ತಡ, ಹಿಮ ಒಡೆಯಿತು. ಇಲ್ಲಿಗೆ ನಿಲ್ಲಿಸಿದ್ದರೆ ಇದೂ ಕ್ಯಾಪ್ಲೊ ಪುಸ್ತಕದ ಒಂಬತ್ತನೆಯ ವೃತ್ತಾಂತವಾಗುತ್ತಿತ್ತು. ಆದರೆ ಹಕುಯಿನ್ ಮುಂದಿನದನ್ನು ಬಿಡುವುದಿಲ್ಲ: ಕಳೆದ ಮುನ್ನೂರು ವರ್ಷದಲ್ಲಿ ತನ್ನಂಥವನು ಹುಟ್ಟಿಲ್ಲವೆಂಬ ಗರ್ವ ನೆತ್ತಿಗೇರಿತು. ಈಯಾಮದ ಕಾಡಿನಲ್ಲಿದ್ದ ಶೋಜು ಮುದುಕನ ಬಳಿಗೆ ಹೋದ. ಮುದುಕ ಇವನ ಮೂಗು ಹಿಂಡಿದ, ಬಿಲದೊಳಗಿನ ದೆವ್ವವೆಂದು ಬೈದ, ಜಗಲಿಯಿಂದ ಕೆಳಕ್ಕೆ ನೂಕಿದ. ತಿಂಗಳುಗಟ್ಟಲೆ ಇದೇ ಆಯಿತು. ಕಡೆಗೊಂದು ದಿನ ಭಿಕ್ಷೆಗೆ ಹೋಗಿ ಒಂದು ಮನೆಯ ಮುಂದೆ ಮೈಮರೆತು ನಿಂತಾಗ, ಪೊರಕೆಯಿಂದ ತಲೆಗೆ ಪೆಟ್ಟು ಬಿತ್ತು. ಬಿದ್ದವನು ಎದ್ದು ನಗತೊಡಗಿದ. ಮೊದಲ ಸಲದ ಗಂಟೆಗಿಂತ ಈ ಪೊರಕೆ ಹೆಚ್ಚು ನಂಬಿಕೆಗೆ ಅರ್ಹವಾದದ್ದು. ಅದರಲ್ಲಿ ಹೆಮ್ಮೆ ಪಡುವಂಥದು ಏನೂ ಇಲ್ಲ.

ಕಥೆ ಅಲ್ಲಿಗೂ ಮುಗಿಯಲಿಲ್ಲ. ತರುವಾಯ ಬಂದದ್ದು 'ಝೆನ್ ರೋಗ'. ಎದೆಯ ಬೆಂಕಿ ಮೇಲಕ್ಕೇರಿತು, ಕಾಲುಗಳು ಹಿಮದಲ್ಲಿ ಅದ್ದಿದಂತೆ ತಣ್ಣಗಾದವು, ಕಿವಿಯಲ್ಲಿ ಹಳ್ಳ ಹರಿಯುವಂಥ ಮೊರೆತ, ಕಂಕುಳಲ್ಲಿ ಬೆವರು, ಕಣ್ಣಲ್ಲಿ ನೀರು, ಏನು ಮಾಡಲೂ ಅಂಜಿಕೆ. ಈ ವಿವರ 1757ರ 'ಯಾಸೆನ್ ಕನ್ನ' ಎಂಬ ಅವನ ಪುಸ್ತಿಕೆಯಲ್ಲಿದೆ. ಪರಿಹಾರಕ್ಕಾಗಿ ಕ್ಯೋಟೊ ಬಳಿಯ ಬೆಟ್ಟದ ಗವಿಯಲ್ಲಿದ್ದ ಹಕುಯೂ ಎಂಬ ತಪಸ್ವಿಯನ್ನು ಹುಡುಕಿಕೊಂಡು ಹೋದನೆಂದೂ, ಆತ ಒಂದು ಭಾವನೆಯನ್ನು ಕಲಿಸಿದನೆಂದೂ ಹೇಳುತ್ತಾನೆ: ನೆತ್ತಿಯ ಮೇಲೆ ಬಾತುಮೊಟ್ಟೆಯಷ್ಟು ಮೆತ್ತನೆಯ ಬೆಣ್ಣೆಮುದ್ದೆ ಇದೆ, ಅದು ಕರಗಿ ಹೆಗಲು, ಎದೆ, ಹೊಟ್ಟೆ, ಕಾಲುಗಳನ್ನು ನೆನೆಸುತ್ತ ಇಳಿಯುತ್ತಿದೆ ಎಂದು ನೆನೆಯಬೇಕು. ಎಷ್ಟು ಸರಳ, ಎಷ್ಟು ಹಿತ! ಬೆಣ್ಣೆ ಕಂಡ ನಮ್ಮ ಮನೆಗಳಲ್ಲಿ ಇದಕ್ಕೆ ವ್ಯಾಖ್ಯಾನ ಬೇಡ. ಆ ಭೇಟಿಗೆ ಹೇಳುವ ವರ್ಷಕ್ಕೆ ಮುಂಚೆಯೇ ಹಕುಯೂ ಸತ್ತಿದ್ದನೆಂದು ವಿದ್ವಾಂಸರು ತೋರಿಸಿದ್ದಾರೆ. ಎಂದಮೇಲೆ ಗವಿಯ ದೃಶ್ಯದಲ್ಲಿ ಹಕುಯಿನ್ನನ ಕೈವಾಡ ಇದೆ. ಇರಲಿ. ರೋಗ ಕಟ್ಟುಕಥೆಯಲ್ಲ. ಪಶ್ಚಿಮದ ಅರವತ್ತು ಮಂದಿ ಬೌದ್ಧ ಸಾಧಕರನ್ನು ಸಂದರ್ಶಿಸಿ 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಧ್ಯಾನದಲ್ಲಿ ಎದುರಾಗುವ ಕಷ್ಟಗಳನ್ನು 59 ಬಗೆಯಾಗಿ ವಿಂಗಡಿಸಿದೆ. ಹಕುಯಿನ್ ಹೇಳಿದ ಅಂಜಿಕೆ ಅದರಲ್ಲಿ ಪದೇ ಪದೇ ಬರುತ್ತದೆ. ಶಿಬಿರದ ಕರಪತ್ರಗಳಲ್ಲಿ ಇದನ್ನು ಅಚ್ಚು ಹಾಕುವವರು ಅಪರೂಪ. ಹಕುಯಿನ್ ಅದನ್ನೇ ಎತ್ತಿ ಮುಂದಿಟ್ಟ.

ಕೊನೆಯ ಘಟನೆ 1726ರದು. ಹುಡುಗನಾಗಿದ್ದಾಗ ಸದ್ಧರ್ಮಪುಂಡರೀಕ ಸೂತ್ರವನ್ನು ಓದಿ, ಬರೀ ದೃಷ್ಟಾಂತಕಥೆಗಳು ಎಂದು ಮೂಗು ಮುರಿದಿದ್ದವನು ನಲವತ್ತರ ಮೇಲೆ ಒಂದು ರಾತ್ರಿ ಅದನ್ನೇ ಓದುತ್ತ ಕುಳಿತಿದ್ದ. ಹೊರಗೆ ಜೀರುಂಡೆ ಕೂಗಿತು. ಗಟ್ಟಿಯಾಗಿ ಅತ್ತುಬಿಟ್ಟ. ಆ ಅಳುವಿಗೆ ಹಿಂದೆ ಇಡೀ ಒಂದು ಆಯುಷ್ಯ ಇರುವುದರಿಂದ ಅದು ನಮ್ಮನ್ನೂ ತಾಗುತ್ತದೆ. ಅನುಭಾವ ಎರಡು ಅರ್ಥದಲ್ಲೂ ಒಂದಾಗುವ ವಿರಳ ಗಳಿಗೆ ಇದು.

ಜರ್ಮನಿಯ ಹೆರಿಗೆಲ್ ಬಿಲ್ಲುವಿದ್ಯೆ ಕಲಿತ ಕಥೆಯನ್ನು ಇಲ್ಲಿ ನಿರೀಕ್ಷಿಸುವವರು ಇರಬಹುದು. 1948ರ ಆ ಪುಸ್ತಕ ಓದಲು ಸೊಗಸೇ. ಆದರೆ ಅವನ ಗುರು ಅವಾ ಕೆನ್ಝೊ ಝೆನ್ ಸಾಧಕನೇ ಅಲ್ಲವೆಂದೂ, ಮುಖ್ಯವಾದ ಮಾತುಗಳು ಸರಿಯಾದ ದುಭಾಷಿಯಿಲ್ಲದೆ ಆಡಿದಂಥವೆಂದೂ ಯಮಾದ ಶೋಜಿ 2001ರಲ್ಲಿ ತೋರಿಸಿಕೊಟ್ಟ ಮೇಲೆ, ಅದನ್ನು ಝೆನ್ ಅನುಭವದ ಸಾಕ್ಷಿಯೆಂದು ಓದುವುದು ಕಷ್ಟ. ಮುಂದೆ ಹೋಗೋಣ.

ಸೋಸೆಕಿ (1867-1916) ಹೊಸ ಜಪಾನಿನ ಮೊದಲ ಮಹಾ ಕಾದಂಬರಿಕಾರ. 1894ರ ಡಿಸೆಂಬರ್ ಕೊನೆಯಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ಮನಸ್ಸಿನ ತೊಳಲಾಟ ತಾಳಲಾರದೆ ಕಾಮಾಕುರದ ಎಂಗಾಕುಜಿ ದೇವಾಲಯಕ್ಕೆ ಹೋಗಿ ಸುಮಾರು ಎರಡು ವಾರ ಕುಳಿತ. ಅಲ್ಲಿಯ ಗುರು ಶಾಕು ಸೋಯೆನ್. ಹಿಂದಿನ ವರ್ಷವಷ್ಟೆ ಚಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ, ನಮ್ಮ ವಿವೇಕಾನಂದರು ಮಾತನಾಡಿದ ಅದೇ ಸಭೆಯಲ್ಲಿ, ಬೌದ್ಧಧರ್ಮದ ಪರವಾಗಿ ಪಾಲುಗೊಂಡು ಬಂದಿದ್ದವನು. ಆತ ಕೊಟ್ಟ ಒಗಟು: ತಂದೆತಾಯಿ ಹುಟ್ಟುವುದಕ್ಕೆ ಮೊದಲು ನಿನ್ನ ಮುಖ ಯಾವುದು? ಸೋಸೆಕಿಗೆ ಆ ಮುಖ ಸಿಕ್ಕಲಿಲ್ಲ. ಅದೇ ಗುರುವಿನ ಬಳಿ ಅದೇ ವರ್ಷಗಳಲ್ಲಿ ಕುಳಿತಿದ್ದ ಇನ್ನೊಬ್ಬ ತರುಣ ಡಿ. ಟಿ. ಸುಝುಕಿ. ಅವನಿಗೆ 1896ರ ಡಿಸೆಂಬರಿನಲ್ಲಿ ಸಿಕ್ಕಿತು. ಮರುವರ್ಷ ಅಮೆರಿಕಕ್ಕೆ ಹೋದ, ಮುಂದೆ ಜಗತ್ತಿಗೆಲ್ಲ ಝೆನ್ ಹೇಳಿದ. ಸಿಕ್ಕದವನು ಮನೆಗೆ ಬಂದು, ಹದಿನಾರು ವರ್ಷ ಸುಮ್ಮನಿದ್ದು, ಕಾದಂಬರಿ ಬರೆದ.

ನಡುವೆ ಒಂದು ಸಣ್ಣ ಕಥೆಯನ್ನು ಹೇಳಬೇಕು. 1908ರ 'ಹತ್ತು ಇರುಳುಗಳ ಕನಸು' ಎಂಬ ಕಥಾಮಾಲೆಯ ಎರಡನೆಯ ಇರುಳು. ಸಮುರಾಯಿಯೊಬ್ಬನನ್ನು ಗುರು ಹೀಯಾಳಿಸಿದ್ದಾನೆ. ಗಡಿಯಾರ ಮುಂದಿನ ಗಂಟೆ ಹೊಡೆಯುವುದರೊಳಗೆ 'ಮು'ವನ್ನು ಗೆದ್ದೇ ತೀರುತ್ತೇನೆ, ಗೆದ್ದರೆ ಗುರುವಿನ ತಲೆ ತೆಗೆಯುತ್ತೇನೆ, ಸೋತರೆ ನನ್ನ ಹೊಟ್ಟೆ ಬಗಿದುಕೊಳ್ಳುತ್ತೇನೆ ಎಂದು ಪಕ್ಕದಲ್ಲಿ ಕಠಾರಿ ಇಟ್ಟುಕೊಂಡು ಕೂರುತ್ತಾನೆ. ಹಲ್ಲು ಕಚ್ಚುತ್ತಾನೆ, ಕಾಲು ನೋಯುತ್ತದೆ, ಸಿಟ್ಟಿನಿಂದ ಕಣ್ಣೀರು ಬರುತ್ತದೆ. ಗಂಟೆ ಹೊಡೆಯತೊಡಗುತ್ತದೆ. ಅಷ್ಟೆ ಕಥೆ. ಕೋಪ, ಅಭಿಮಾನ, ಹಟ ಇವು ಧ್ಯಾನದ ಆಸನದ ಮೇಲೂ ಹೇಗೆ ಕಾಲು ಮಡಿಚಿ ಕೂರುತ್ತವೆಂಬುದನ್ನು ಇಷ್ಟು ಚಿಕ್ಕ ಜಾಗದಲ್ಲಿ ಬೇರೆ ಯಾರೂ ತೋರಿಸಿದ್ದನ್ನು ನಾನು ಕಂಡಿಲ್ಲ. ಆನಂದದ ಹೆಸರಿಲ್ಲ, ಅದಕ್ಕೇ ಅದು ನಿಜ.

'ಮೋನ್', ಎಂದರೆ 'ದ್ವಾರ', 1910ರ ಮಾರ್ಚಿನಿಂದ ಜೂನ್‌ವರೆಗೆ 'ಅಸಾಹಿ' ದಿನಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಹೆಸರಿಡುವ ಕೆಲಸವನ್ನು ಸೋಸೆಕಿ ಶಿಷ್ಯನೊಬ್ಬನಿಗೆ ವಹಿಸಿದ್ದನೆಂದೂ, ಆತ ನೀಚೆಯ ಪುಸ್ತಕವೊಂದನ್ನು ತೆರೆದು ಕಣ್ಣಿಗೆ ಬಿದ್ದ ಮಾತನ್ನು ಆರಿಸಿದನೆಂದೂ ಹೇಳುತ್ತಾರೆ. ಕಥಾನಾಯಕ ಸೋಸುಕೆ. (ಹೆಸರುಗಳ ಹೋಲಿಕೆಯಿಂದ ಓದುಗರು ಗಲಿಬಿಲಿಗೊಳ್ಳಬಾರದು: ಬರೆದವನು ಸೋಸೆಕಿ, ಬೇಯುವವನು ಸೋಸುಕೆ.) ಟೋಕಿಯೋದಲ್ಲಿ ಸರ್ಕಾರೀ ಗುಮಾಸ್ತ, ದಿಬ್ಬವೊಂದರ ಅಡಿಯ ಬಾಡಿಗೆ ಮನೆಯಲ್ಲಿ ಹೆಂಡತಿ ಓಯೊನೆಯೊಡನೆ ವಾಸ. ಭಾನುವಾರದ ಬಿಸಿಲಿಗೆ ಮೈಯೊಡ್ಡಿ ಮಲಗುವುದು, ಹರಿದ ಬೂಟು, ತಮ್ಮನ ಓದಿನ ಖರ್ಚು, ಇಂಥವೇ ಪುಟ ತುಂಬುತ್ತವೆ. ದಂಪತಿಗಳದು ಅಪಾರ ಒಲುಮೆ. ಅದರ ತಳದಲ್ಲಿ ಒಂದು ಗಾಯ: ಓಯೊನೆ ಒಮ್ಮೆ ಸೋಸುಕೆಯ ಗೆಳೆಯ ಯಾಸುಯಿಯ ಹೆಣ್ಣು. ಅವಳಿಗೆ ಮೂರು ಸಲ ಮಗು ಕೈತಪ್ಪಿತು. ಯಾರಿಗೋ ಮಾಡಿದ ಅನ್ಯಾಯ ನಿನ್ನನ್ನು ಕಾಡುತ್ತಿದೆ ಎಂದು ಕಣಿ ಹೇಳುವವನೊಬ್ಬ ಹೇಳಿದ್ದಾನೆ. ಅದನ್ನು ಗಂಡನಿಗೆ ಹೇಳಲು ಅವಳಿಗೆ ಬಹುಕಾಲ ಬೇಕಾಗುತ್ತದೆ.

ಮನೆಯೊಡೆಯ ಸಕಾಯಿ ಒಂದು ಸಂಜೆ ಲೋಕಾಭಿರಾಮವಾಗಿ ಮಾತನಾಡುತ್ತ, ಮಂಗೋಲಿಯಾದಿಂದ ಬಂದಿರುವ ತನ್ನ ತಮ್ಮನೊಡನೆ ಯಾಸುಯಿ ಎಂಬ ಗೆಳೆಯನೂ ಮನೆಗೆ ಬರುತ್ತಾನೆ, ನೀವೂ ಬನ್ನಿ ಎನ್ನುತ್ತಾನೆ. ಸೋಸುಕೆಯ ಮುಖ ಬಿಳಚಿಕೊಳ್ಳುತ್ತದೆ. ಹೆಂಡತಿಗೆ ಕಾರಣ ಹೇಳದೆ, ನರಗಳ ದೌರ್ಬಲ್ಯವೆಂದು ನೆಪ ಹೂಡಿ, ಪರಿಚಯದ ಪತ್ರವೊಂದನ್ನು ಹಿಡಿದು ಕಾಮಾಕುರಕ್ಕೆ ಓಡುತ್ತಾನೆ. ಹತ್ತು ದಿನ ಅಲ್ಲಿ. ಝೆನ್ ಕಡೆಗೆ ಇವನನ್ನು ದೂಡಿದ್ದು ಜಿಜ್ಞಾಸೆಯಲ್ಲ, ಹೆದರಿಕೆ, ಹಕುಯಿನ್ನನಂತೆಯೇ.

ಆದರೆ ಹಕುಯಿನ್ನನ ಹಿಮ ಇವನಿಗೆ ಕಟ್ಟುವುದಿಲ್ಲ. ಕತ್ತಲ ಕೋಣೆಯಲ್ಲಿ ಊದುಬತ್ತಿ ಹಚ್ಚಿ ಕೂರುತ್ತಾನೆ, ತಲೆಯೊಳಗೆ ಸಂಬಂಧವಿಲ್ಲದ ನೆನಪುಗಳ ಮೆರವಣಿಗೆ ಕೊನೆಯಿಲ್ಲದೆ ಸಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ, ನಿದ್ದೆ ಬರುತ್ತದೆ. ಅವನನ್ನು ನೋಡಿಕೊಳ್ಳುವ ಸಾಧು ಗಿದೊ ತುಂಬ ಮೃದು ಮನುಷ್ಯ. ಪುಸ್ತಕ ಓದಿದರೆ ಪ್ರಯೋಜನವಾದೀತೆ ಎಂದು ಸೋಸುಕೆ ಕೇಳಿದಾಗ, ಬೇಡ, ಓದಲೇಬೇಕೆಂದರೆ ಹುರುಪು ತುಂಬುವ 'ಝೆನ್ಕಾನ್ ಸಾಕುಶಿನ್'ನಂಥದನ್ನು ಓದಿ ಎನ್ನುತ್ತಾನೆ. ಇದು ಸೋಸೆಕಿ ಸುಮ್ಮನೆ ಹಾಕಿದ ಹೆಸರಲ್ಲ. ತಾರುಣ್ಯದಲ್ಲಿ ದಾರಿಗೆಟ್ಟು ಅಲೆಯುತ್ತಿದ್ದ ಹಕುಯಿನ್ ಕಣ್ಣುಮುಚ್ಚಿ ಪುಸ್ತಕಗಳ ರಾಶಿಯಿಂದ ಎತ್ತಿಕೊಂಡದ್ದು ಇದನ್ನೇ. ನಿದ್ದೆ ಬಾರದಿರಲೆಂದು ತೊಡೆಗೆ ದಬ್ಬಳ ಚುಚ್ಚಿಕೊಂಡ ಹಳೆಯ ಭಿಕ್ಷುವಿನ ಕಥೆ ಓದಿ ಅವನಿಗೆ ಕಿಚ್ಚು ಹತ್ತಿತು. ಅದೇ ಪುಸ್ತಕದ ಹೆಸರು ಗುಮಾಸ್ತನ ಕಿವಿಗೂ ಬಿತ್ತು. ಯಾವ ಕಿಚ್ಚೂ ಹತ್ತಲಿಲ್ಲ. ದೇವಾಲಯದಲ್ಲಿ ಬರಹದ ಕುಂಚ, ಮಸಿ ಮಾರುವ ನಗೆಮುಖದವನೊಬ್ಬ ಸಿಗುತ್ತಾನೆ: ಸರಕು ತೀರಿದಾಗ ಬಂದು ಕೂರುತ್ತಾನೆ, ಉಣ್ಣಲು ಇಲ್ಲವಾದಾಗ ಮತ್ತೆ ಮಾರಲು ಹೊರಡುತ್ತಾನೆ. ಅವನ ನೆಮ್ಮದಿ ಕಂಡು ಸೋಸುಕೆಗೆ ಬೆರಗು. ಇದೊಂದು ಪಾತ್ರ ಝೆನ್ ಕುರಿತ ಹತ್ತು ಪ್ರಬಂಧಗಳಿಗೆ ಸಮ.

ಉತ್ತರವೊಂದನ್ನು ಹೇಗೋ ಹೊಂದಿಸಿಕೊಂಡು ಗುರುವಿನ ಮುಂದೆ ಕೂತಾಗ, ಅಷ್ಟನ್ನು ಸ್ವಲ್ಪ ಓದಿಬರೆದ ಯಾರು ಬೇಕಾದರೂ ಹೇಳಬಲ್ಲರು ಎಂಬ ಒಂದೇ ಮಾತಿನಿಂದ ಗುರು ಅವನನ್ನು ಹೊರಗೆ ಕಳಿಸುತ್ತಾನೆ. ಹತ್ತು ದಿನ ಮುಗಿಯುತ್ತದೆ. ತಾನು ಬಾಗಿಲನ್ನು ದಾಟಿ ಹೋಗಬಲ್ಲವನೂ ಅಲ್ಲ, ದಾಟದೆ ನೆಮ್ಮದಿಯಾಗಿರಬಲ್ಲವನೂ ಅಲ್ಲ, ಬಾಗಿಲಡಿಯಲ್ಲೇ ನಿಂತು ಹೊತ್ತು ಮುಳುಗುವುದನ್ನು ಕಾಯಬೇಕಾದವನು ಎಂದು ಅವನಿಗೆ ಅರಿವಾಗುತ್ತದೆ. ಮನೆಗೆ ಬರುತ್ತಾನೆ. ಯಾಸುಯಿ ಬಂದು ಹೋಗಿದ್ದಾನೆ. ಅಪಾಯ ತಪ್ಪಿತು, ಆದರೆ ಇವನಿಂದಲ್ಲ. ಓಯೊನೆಗೆ ಇದು ಯಾವುದೂ ಗೊತ್ತಿಲ್ಲ, ಕೊನೆಯವರೆಗೂ. ವಸಂತ ಬಂತೆಂದು ಅವಳು ಸಂತೋಷಪಟ್ಟರೆ, ಉಗುರು ತೆಗೆಯುತ್ತ ಕುಳಿತ ಅವನಿಗೆ ಮುಂದಿನ ಚಳಿಗಾಲದ ನೆನಪು.

ಕಾಮಾಕುರದ ಅಧ್ಯಾಯಗಳು ಹೊರಗಿನಿಂದ ಅಂಟಿಸಿದಂತಿವೆ, ಕಥೆಯಿಂದ ಬೆಳೆದು ಬಂದಿಲ್ಲ ಎಂಬ ಆಕ್ಷೇಪಣೆ ಹಳೆಯದು. ನನಗೆ ಅದು ಒಪ್ಪಿಗೆಯಿಲ್ಲ. ಅಂಟದೆ ಇರುವುದೇ ಅಲ್ಲಿಯ ಸಂಗತಿ. ಹತ್ತು ದಿನದಲ್ಲಿ ಒಮ್ಮೆಯೂ ಸೋಸುಕೆ ತನ್ನ ನಿಜವಾದ ಪ್ರಶ್ನೆಯನ್ನು ಗುರುವಿಗಾಗಲಿ ಗಿದೊಗಾಗಲಿ ಹೇಳುವುದಿಲ್ಲ. ಗೆಳೆಯನಿಗೆ ಮಾಡಿದ ದ್ರೋಹವನ್ನು ಎದೆಯಲ್ಲಿ ಬಚ್ಚಿಟ್ಟುಕೊಂಡು, ಹುಟ್ಟುವ ಮುಂಚಿನ ಮುಖವನ್ನು ಹುಡುಕುತ್ತಾನೆ. ಈಗಿನ ಮುಖವನ್ನು ನೋಡಲಾರದವನಿಗೆ ಆ ಮುಖ ಎಲ್ಲಿಂದ ಸಿಕ್ಕೀತು? ಸೋಸೆಕಿ ಇದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಕ್ಯಾಪ್ಲೊ ಪುಸ್ತಕದ ಎಂಟು ಮಂದಿಯಲ್ಲಿ ಬಹುಪಾಲು ಜನರಿಗೆ ಹಿಂದೆ ಮುಂದೆ ಇಲ್ಲ. ಅವರ ಕಣ್ಣೀರು ಯಾರ ಕಣ್ಣೀರೆಂದು ನಮಗೆ ತಿಳಿಯದು. ಸೋಸುಕೆ ಅಳುವುದೇ ಇಲ್ಲ. ಅವನ ಜೋಮು ಹಿಡಿದ ಕಾಲು ಮಾತ್ರ ನಮ್ಮ ಕಾಲೇ ಆಗಿಬಿಡುತ್ತದೆ.

ಸೋಲನ್ನು ಹೊಗಳುವುದು ಈಗಿನ ಒಂದು ಫ್ಯಾಷನ್, ಅದಕ್ಕೆ ಇದೂ ಒಂದು ಸೇರ್ಪಡೆ ಎಂದು ಯಾರಾದರೂ ಹೇಳಬಹುದು. ಆದರೆ ಇದರಲ್ಲಿ ಬರಿಯ ರುಚಿಯ ಪ್ರಶ್ನೆಯಲ್ಲದೆ ಬೇರೊಂದೂ ಇದೆ. ಸಾಕ್ಷಾತ್ಕಾರದ ವೃತ್ತಾಂತ ಓದುಗನಿಂದ ಒಂದು ಸಾಲ ಕೇಳುತ್ತದೆ: ನನಗೆ ಆಯಿತು, ಆದ್ದರಿಂದ ನನ್ನನ್ನು ನಂಬು. ಈ ಸಾಲದ ಚರಿತ್ರೆ ಒಳ್ಳೆಯದಲ್ಲ. ಸೋಸೆಕಿಯ ಗುರು ಸೋಯೆನ್ 1904ರಲ್ಲಿ ರಷ್ಯದ ಮೇಲಿನ ಯುದ್ಧಕ್ಕೆ ಸೇನೆಯ ಪುರೋಹಿತನಾಗಿ ಹೋದ. ಯುದ್ಧವನ್ನು ಖಂಡಿಸಲು ಜೊತೆಗೂಡೆಂದು ಟಾಲ್‌ಸ್ಟಾಯ್ ಕೇಳಿದ್ದನ್ನು ನಿರಾಕರಿಸಿದ. ಯಾಏಕೊಳ ಪತ್ರಗಳ ಅಂಚಿನಲ್ಲಿ ಅಷ್ಟು ಸೂಕ್ಷ್ಮವಾಗಿ ಬರೆದ ಹರಾದ, ಮುಂದಿನ ಮಹಾಯುದ್ಧದಲ್ಲಿ ಚಕ್ರವರ್ತಿಯ ಸೇನೆಯ ಪರವಾಗಿ ಉಗ್ರವಾಗಿ ಬರೆದ. ಕ್ಯಾಪ್ಲೊನ ಇನ್ನೊಬ್ಬ ಗುರು ಯಾಸುತಾನಿಯೂ ಹಾಗೆಯೇ. ಬ್ರಯಾನ್ ವಿಕ್ಟೋರಿಯಾ ಎಂಬ ಝೆನ್ ಭಿಕ್ಷುವೇ 1997ರ 'ಝೆನ್ ಅಟ್ ವಾರ್'ನಲ್ಲಿ ಇವನ್ನೆಲ್ಲ ದಾಖಲೆ ಸಮೇತ ಮುಂದಿಟ್ಟಾಗ ಪಶ್ಚಿಮದ ಶಿಷ್ಯರು ದಿಗ್ಭ್ರಮೆಗೊಂಡರು. ಅವರ ಅನುಭವ ಸುಳ್ಳೆಂದು ಇದರಿಂದ ಸಿದ್ಧವಾಗುವುದಿಲ್ಲ. ಅನುಭವ ಮನುಷ್ಯನಿಗೆ ಜಾಮೀನು ನಿಲ್ಲುವುದಿಲ್ಲವೆಂಬುದಷ್ಟೇ ಸಿದ್ಧವಾಗುವುದು. ಎರಡು ವರ್ಷ ಮುಂಚೆ, 1995ರಲ್ಲಿ, ವಿದ್ವಾಂಸ ರಾಬರ್ಟ್ ಶಾರ್ಫ್ ಇನ್ನೊಂದು ಮಾತು ಹೇಳಿದ್ದರು: ಒಳಗಿನ ಅನುಭವವೇ ಬೌದ್ಧಧರ್ಮದ ತಿರುಳೆಂಬ ಭಾವನೆ ಬಹುಮಟ್ಟಿಗೆ ಇತ್ತೀಚಿನದು, ಹಿಂದಿನ ಭಿಕ್ಷುಗಳಿಗೆ ವಿಧಿ, ನಿಯಮ, ಪಾಠಗಳೇ ಮುಖ್ಯವಾಗಿದ್ದವು ಎಂದು. ಹಕುಯಿನ್ನನ ಬೆವರು, ಅಳುಗಳನ್ನು ಓದಿದವರಿಗೆ ಈ ವಾದ ತುಸು ಅತಿಯೆನಿಸೀತು. ದೋಗೆನ್ನನ ಮೌನ ಮಾತ್ರ ಅದಕ್ಕೆ ಬೆಂಬಲವಾಗಿ ನಿಲ್ಲುತ್ತದೆ.

'ಮೋನ್' ಯಾವ ಸಾಲವನ್ನೂ ಕೇಳುವುದಿಲ್ಲ. 1972ರಲ್ಲಿ ಫ್ರಾನ್ಸಿಸ್ ಮ್ಯಾಥಿ ಮಾಡಿದ ಇಂಗ್ಲಿಷ್ ಅನುವಾದವಿದೆ. ಆಮೇಲೆ ವಿಲಿಯಂ ಸಿಬ್ಲಿಯದೂ ಬಂದಿದೆ. ಅಧ್ಯಾತ್ಮದ ಕಪಾಟಿನಲ್ಲಿ ಇದನ್ನು ಹುಡುಕುವವರು ಕಾದಂಬರಿಗಳ ಕಡೆ ಹೋಗಬೇಕು.

ಸೋಸೆಕಿಗೆ ಆ ಬಾಗಿಲು ಮರೆತುಹೋಗಲಿಲ್ಲ. 1916ರ ಶರತ್ಕಾಲದಲ್ಲಿ ಕೋಬೆಯ ಮಠವೊಂದರ ಇಬ್ಬರು ತರುಣ ಝೆನ್ ಭಿಕ್ಷುಗಳು ಟೋಕಿಯೋ ನೋಡಲು ಬಂದಾಗ ಅವರನ್ನು ತನ್ನ ಮನೆಯಲ್ಲಿ ಇಳಿಸಿಕೊಂಡ. ಅವರು ಹಿಂದಿರುಗಿದ ಮೇಲೆ ಬರೆದ ಪತ್ರದಲ್ಲಿ, ಐವತ್ತಾದಮೇಲೆ ದಾರಿಯ ಕಡೆ ಮನಸ್ಸು ತಿರುಗಿಸಿದ ಮಂಕು ತಾನೆಂದು ಹೇಳಿಕೊಂಡ. ಅದು ನವೆಂಬರಿನ ಮಾತು. ಡಿಸೆಂಬರ್ 9ರಂದು ತೀರಿಕೊಂಡ. ಶವಸಂಸ್ಕಾರದಲ್ಲಿ ಮುಖ್ಯ ಪುರೋಹಿತನಾಗಿ ನಿಂತವನು, ಇಪ್ಪತ್ತೆರಡು ವರ್ಷದ ಹಿಂದೆ ಅವನಿಗೆ ಆ ಒಗಟು ಕೊಟ್ಟಿದ್ದ ಶಾಕು ಸೋಯೆನ್.